ತುದಿಗೂದಲಿನ ವಯಸ್ಸು

ಸೊಂಟವನ್ನು ಮುಟ್ಟುವಷ್ಟು ನೀಳವಾದ ಜಡೆಯೊಂದನ್ನು ಬಿಚ್ಚಿ, ಬೆಳ್ಳನೆಯ ಬಟ್ಟೆಯ ಮೇಲೆ ಹರವಿ, ಹಗಲಬೆಳಕಿನಲ್ಲಿ ನಿಧಾನವಾಗಿ ನೋಡಿದವರಿಗೆ, ಬುಡದಲ್ಲಿ ಕಡುಗಪ್ಪಾಗಿ ನುಣುಪಾಗಿ ಹೊಳೆಯುವ ಕೇಶವು ಕೆಳಕ್ಕಿಳಿದಂತೆಲ್ಲ ಕಾಂತಿಗುಂದಿ, ತುದಿಯ ಗೇಣುದ್ದದಲ್ಲಿ ತುಸು ಕೆಂಚಗೆ ತಿರುಗಿ, ಒರಟಾಗಿ, ಅಲ್ಲಲ್ಲಿ ಕವಲೊಡೆದಿರುವುದು ಕಾಣದೆ ಇರದು. ಒಂದೇ ತಲೆಯ ಒಂದೇ ಎಳೆಯಲ್ಲಿ ಈ ಭೇದವು ಹೇಗೆ ಬಂದಿತೆಂಬುದಕ್ಕೆ ಉತ್ತರವು ಸರಳವಾದ ಒಂದು ಲೆಕ್ಕದಲ್ಲಿದೆ. ಮನುಷ್ಯನ ತಲೆಗೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರಿನಂತೆ ಬೆಳೆಯುವುದು. ಅಂದಮೇಲೆ 60 ಸೆಂಟಿಮೀಟರು ಉದ್ದದ ಕೂದಲಿನ ತುದಿಯು ನೆತ್ತಿಯ ಚರ್ಮದಿಂದ ಹೊರಬಂದು 5 ವರ್ಷಗಳು ಕಳೆದಿವೆಯೆಂದಾಯಿತು. ವಾರಕ್ಕೆ ಎರಡು ಸಲ ತಲೆಗೆ ನೀರೆರೆದುಕೊಳ್ಳುವ ರೂಢಿಯಿದ್ದರೆ ಆ ತುದಿಯು 500ಕ್ಕೂ ಹೆಚ್ಚು ಸ್ನಾನಗಳನ್ನೂ, ಅದಕ್ಕಿಂತ ಎಷ್ಟೋ ಮಡಿ ಹೆಚ್ಚಾಗಿ ಬಾಚಣಿಗೆಯ ಸೆಳೆತಗಳನ್ನೂ, ಐದು ಬೇಸಗೆಗಳ ಬಿಸಿಲನ್ನೂ, ಐದು ಮಳೆಗಾಲಗಳ ತೇವವನ್ನೂ ಉಂಡಿರುವುದು. ನೀಳವೂ ಅಲೆಯಲೆಯೂ ಆದ ಕೂದಲನ್ನು ಕೆದರದಂತೆ ಕಾಪಾಡಿಕೊಳ್ಳುವ ಬಗೆ ಹೇಗೆಂದು ಕೇಳುವವರು ಮೊದಲು ಮನಸ್ಸಿಗೆ ತಂದುಕೊಳ್ಳಬೇಕಾದುದು ಈ ಐದು ವರ್ಷಗಳನ್ನು.

ಗಾಯಗೊಂಡ ಚರ್ಮವು ತನ್ನನ್ನು ತಾನೇ ಸರಿಪಡಿಸಿಕೊಳ್ಳುವುದಷ್ಟೆ. ಕೂದಲಿಗೆ ಆ ಭಾಗ್ಯವಿಲ್ಲ. ಅದರಲ್ಲಿ ಜೀವವಿರುವುದು ಚರ್ಮದೊಳಗೆ ಹುದುಗಿರುವ ಕೇಶಕೂಪದ ತಳದಲ್ಲಿ ಮಾತ್ರ. ಅಲ್ಲಿ ಜೀವಕೋಶಗಳು ಎಡೆಬಿಡದೆ ವಿಭಜನೆಗೊಂಡು, ಕೆಳಗಿನವುಗಳ ಒತ್ತಡದಿಂದ ಮೇಲಕ್ಕೇರಿ, ಕೆರಾಟಿನ್ ಎಂಬ ಪ್ರೋಟೀನನ್ನು ಒಡಲು ತುಂಬ ತುಂಬಿಕೊಂಡು ಗಟ್ಟಿಯಾಗಿ, ಚರ್ಮದ ಮೇಲ್ಮೈಯನ್ನು ಮುಟ್ಟುವ ಮುನ್ನವೇ ನಿರ್ಜೀವವಾಗಿರುತ್ತವೆ. ನಾವು ಬಾಚುವ, ಹೆಣೆಯುವ, ಹೂ ಮುಡಿಸುವ ಕೂದಲಿನಲ್ಲಿ ರಕ್ತನಾಳವಿಲ್ಲ, ನರವಿಲ್ಲ, ಹೊಸದನ್ನು ಕಟ್ಟಬಲ್ಲ ಒಂದು ಕೋಶವೂ ಇಲ್ಲ. ಆದಕಾರಣ ಕೂದಲಿನ ತುದಿಗೆ ‘ಪೋಷಣೆ’ ಕೊಡುವೆವೆಂದು ಹೇಳುವ ಸೀಸೆಗಳ ಮಾತನ್ನು ಅಕ್ಷರಶಃ ನಂಬುವಂತಿಲ್ಲ. ಉಣ್ಣುವ ಆಹಾರದಲ್ಲಿ ಪ್ರೋಟೀನೂ ಕಬ್ಬಿಣವೂ ಸಾಕಷ್ಟಿದ್ದರೆ ಇಂದು ಹುಟ್ಟುವ ಕೂದಲು ಗಟ್ಟಿಯಾಗಿ ಹುಟ್ಟೀತು. ಐದು ವರ್ಷಗಳ ಹಿಂದೆ ಹುಟ್ಟಿದ್ದಕ್ಕೆ ಅದರಿಂದ ಏನೂ ಸಲ್ಲದು. ಸವೆದದ್ದನ್ನು ಮರಳಿ ಕಟ್ಟಲು ಬಾರದಿರುವಲ್ಲಿ ಸವೆಯದಂತೆ ನೋಡಿಕೊಳ್ಳುವುದೊಂದೇ ದಾರಿ. ಈ ಅಧ್ಯಾಯದಲ್ಲಿ ಮುಂದೆ ಹೇಳುವ ಎಲ್ಲ ಉಪಾಯಗಳೂ, ಹಳೆಯವಿರಲಿ ಹೊಸವಿರಲಿ, ಇದೊಂದೇ ತತ್ತ್ವದಿಂದ ಹೊರಟವು.

ಕಾಪಾಡಬೇಕಾದುದು ಯಾವುದನ್ನು ಎಂಬುದನ್ನು ತಿಳಿಯಲು ಕೂದಲಿನ ರಚನೆಯನ್ನು ಸ್ವಲ್ಪ ನೋಡಬೇಕು. ಮಿಲಿಮೀಟರಿನ ಇಪ್ಪತ್ತನೆಯ ಒಂದು ಭಾಗದಿಂದ ಹತ್ತನೆಯ ಒಂದು ಭಾಗದವರೆಗೆ ದಪ್ಪವಿರುವ ಈ ಎಳೆಯ ಬಹುಪಾಲು, ಉದ್ದುದ್ದಕ್ಕೆ ಒತ್ತೊತ್ತಾಗಿ ಜೋಡಿಸಿಟ್ಟ ಕೆರಾಟಿನ್ ನಾರುಗಳಿಂದ ಆದದ್ದು. ಕೂದಲಿಗೆ ಬಲವನ್ನೂ, ಬಾಗುವ ಗುಣವನ್ನೂ, ಬಣ್ಣವನ್ನೂ ಕೊಡುವುದು ಈ ಒಳತಿರುಳು. ಅದನ್ನು ಹೊರಗಿನಿಂದ ಮುಚ್ಚಿರುವುದು ಚಪ್ಪಟೆಯಾದ, ಪಾರದರ್ಶಕವಾದ ಪೊರೆಗಳ ಹೊರಗವಚ. ಒಂದೊಂದು ಪೊರೆಯ ದಪ್ಪ ಮಿಲಿಮೀಟರಿನ ಎರಡು ಸಾವಿರದಲ್ಲಿ ಒಂದು ಭಾಗದಷ್ಟು. ಇಂಥವು ಆರೆಂಟು ಪದರಗಳಾಗಿ, ನಮ್ಮ ಕರಾವಳಿಯ ಮನೆಗಳ ಮಾಡಿನ ಹಂಚುಗಳಂತೆ, ಮೇಲಿನದರ ಅಂಚು ಕೆಳಗಿನದರ ಬೆನ್ನನ್ನು ಮುಚ್ಚುವ ಹಾಗೆ, ಬುಡದಿಂದ ತುದಿಯತ್ತ ಮುಖಮಾಡಿ ಒಂದರಮೇಲೊಂದು ಒರಗಿಕೊಂಡಿರುತ್ತವೆ. ಈ ಒರಗಿಕೆಯನ್ನು ಸೂಕ್ಷ್ಮದರ್ಶಕವಿಲ್ಲದೆಯೇ ಅರಿಯಬಹುದು. ಉದುರಿದ ಒಂದು ನೀಳಗೂದಲನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಬೆರಳಿನುದ್ದಕ್ಕೆ ಇಟ್ಟುಕೊಂಡು, ಬೆರಳುಗಳನ್ನು ಹಿಂದಕ್ಕೂ ಮುಂದಕ್ಕೂ ಮೆಲ್ಲಗೆ ತಿಕ್ಕಿದರೆ, ಕೂದಲು ಎರಡೂ ಕಡೆಗೆ ಸಮನಾಗಿ ಸರಿಯದೆ ಒಂದೇ ದಿಕ್ಕಿಗೆ, ತನ್ನ ಬುಡವಿದ್ದ ದಿಕ್ಕಿಗೇ, ತೆವಳುತ್ತ ಹೋಗುವುದು. ಕೂದಲನ್ನು ಮಗುಚಿ ಹಿಡಿದರೆ ತೆವಳುವ ದಿಕ್ಕೂ ಮಗುಚುವುದು. ಬುಡದಿಂದ ತುದಿಗೆ ಸವರುವ ಕೈಗೆ ಹೊರಗವಚವು ದಾರಿ ಬಿಡುವುದು. ತುದಿಯಿಂದ ಬುಡಕ್ಕೆ ಸವರುವ ಕೈಗೆ ಪೊರೆಗಳ ಅಂಚುಗಳೆಲ್ಲ ಅಡ್ಡಬರುವುವು. ಕುರಿಯ ಉಣ್ಣೆಯನ್ನು ತೇವದಲ್ಲಿ ಹೊಸೆದಾಗ ಅದು ಬಿಡಿಸಲಾಗದಂತೆ ಗಂಟುಗಟ್ಟುವುದೂ ಇದೇ ಕಾರಣದಿಂದ.

ಹೊರಗವಚದ ತೀರ ಮೇಲ್ಮೈಗೆ, ರಾಸಾಯನಿಕ ಬಂಧದಿಂದಲೇ ಅಂಟಿಕೊಂಡು, 18-ಮೀಥೈಲ್ ಐಕೋಸನೋಯಿಕ್ ಆಮ್ಲವೆಂಬ ಮೇದಸ್ಸಿನ ಅತಿ ತೆಳುವಾದ ಲೇಪವೊಂದಿದೆ. ಹೊಸಗೂದಲಿನ ಮೇಲೆ ನೀರಿನ ಹನಿಯು ನೆನೆಯದೆ ಜಾರುವುದೂ, ಎಳೆಗಳು ಒಂದಕ್ಕೊಂದು ತಗಲದೆ ಸರಿದಾಡುವುದೂ ಬಹುಮಟ್ಟಿಗೆ ಇದರ ಪುಣ್ಯ. ಬಣ್ಣ ತೆಗೆಯುವ ಬ್ಲೀಚು, ತೀಕ್ಷ್ಣವಾದ ಕ್ಷಾರ, ವರ್ಷಗಟ್ಟಲೆಯ ಬಿಸಿಲು, ಇವು ಈ ಲೇಪವನ್ನು ಕಿತ್ತುಹಾಕುತ್ತವೆ. ಕಿತ್ತುಹೋದದ್ದು ಮತ್ತೆ ಹುಟ್ಟದು. ನೀಳಗೂದಲಿನ ತುದಿಯಲ್ಲಿ ಹಲವು ವೇಳೆ ಲೇಪವಷ್ಟೇ ಅಲ್ಲ, ಪೊರೆಗಳೇ ಪದರಪದರವಾಗಿ ಸವೆದು, ಒಳಗಿನ ನಾರುಗಳು ಬತ್ತಲಾಗಿ, ಕೊನೆಗೆ ಸೀಳಿಕೊಳ್ಳುತ್ತವೆ.

ಕೂದಲು ಅಲೆಯಲೆಯಾಗಿ ಇರುವುದಾದರೂ ಏತಕ್ಕೆ? ನೆಟ್ಟಗೂದಲಿನ ಅಡ್ಡಕೊಯ್ತವು ಹೆಚ್ಚುಕಡಮೆ ವೃತ್ತಾಕಾರವಾಗಿಯೂ, ಅಲೆಗೂದಲು ಮತ್ತು ಗುಂಗುರುಗೂದಲುಗಳದು ಅಂಡಾಕಾರವಾಗಿಯೂ ಇರುವುದೆಂಬುದು ಬಹುಕಾಲದಿಂದ ತಿಳಿದ ಸಂಗತಿ. ಆದರೆ ಮೂಲವಿರುವುದು ಇನ್ನೂ ಆಳದಲ್ಲಿ, ಕೇಶಕೂಪವೇ ಬಾಗಿರುವುದರಲ್ಲಿ. ಬಾಗಿದ ಕೂಪದ ಎರಡು ಪಾರ್ಶ್ವಗಳಲ್ಲಿ ಕೋಶಗಳು ಬೆಳೆಯುವ ಹಾಗೂ ಗಟ್ಟಿಯಾಗುವ ಕ್ರಮವು ಸಮನಾಗಿರದೆ, ಹುಟ್ಟುವ ಎಳೆಯ ಒಳಮಗ್ಗುಲಿಗೂ ಹೊರಮಗ್ಗುಲಿಗೂ ನಾರುಗಳ ಜೋಡಣೆಯಲ್ಲಿ ಅಂತರವುಂಟಾಗುವುದು. ಮೆರಿನೊ ಕುರಿಯ ಉಣ್ಣೆಯ ಎಳೆಯು ಹೀಗೆ ಎರಡು ಭಿನ್ನ ಅರ್ಧಗಳಿಂದ ಆಗಿದ್ದು, ಅವುಗಳ ಜಗ್ಗಾಟದಿಂದಲೇ ಅದು ಸುರುಳಿಗೊಳ್ಳುವುದೆಂದು ಜಪಾನಿನ ಹೋರಿಯೊ ಮತ್ತು ಕೊಂಡೊ ಎಂಬ ವಿಜ್ಞಾನಿಗಳು 1953ರಲ್ಲಿ ತೋರಿಸಿಕೊಟ್ಟರು. ವಂಶದ ಪಾಲೂ ಇದರಲ್ಲಿ ದೊಡ್ಡದು. ಅಲೆಯು ಕೂದಲಿನ ರೋಗವಲ್ಲ, ದೋಷವಲ್ಲ; ಹುಟ್ಟಿನಲ್ಲಿಯೇ ಬಂದ ಆಕಾರ. ಬಾಚಿ ಬಾಚಿ ಅದನ್ನು ನೆಟ್ಟಗೆ ಮಾಡಬಹುದೆಂಬ ಹಟದಿಂದ ಎಷ್ಟೋ ಹೆಣ್ಣುಮಕ್ಕಳ ಕೂದಲು ಬಾಲ್ಯದಲ್ಲಿಯೇ ಹಾಳಾಗುವುದನ್ನು ಕಂಡಾಗ ಮನಸ್ಸಿಗೆ ನೋವಾಗುತ್ತದೆ.

ಈ ಆಕಾರದಿಂದ ಒಂದು ತೊಡಕು ಮಾತ್ರ ನಿಜವಾಗಿಯೂ ಒದಗುವುದು. ನೆತ್ತಿಯ ಗ್ರಂಥಿಗಳು ಒಸರುವ ಜಿಡ್ಡು ನೆಟ್ಟಗೂದಲಿನ ಮೇಲೆ ಸರಾಗವಾಗಿ ಕೆಳಕ್ಕೆ ಹರಡುವುದು. ಅಲೆಗೂದಲಿನ ತಿರುವುಗಳಲ್ಲಿ ಅದು ತಡೆದು ನಿಲ್ಲುವುದು. ಹೀಗಾಗಿ ಬುಡ ಜಿಡ್ಡುಜಿಡ್ಡಾಗಿದ್ದರೂ ತುದಿ ಒಣಗಿಯೇ ಇರುವುದು ಅಲೆಗೂದಲಿನವರ ನಿತ್ಯದ ಅನುಭವ. ಇದಲ್ಲದೆ, ದಿನವೊಂದಕ್ಕೆ 50ರಿಂದ 100ರವರೆಗೆ ಸಹಜವಾಗಿಯೇ ಉದುರುವ ಎಳೆಗಳು ನೆಟ್ಟಗೂದಲಿನಿಂದ ಜಾರಿ ಬಿದ್ದುಹೋದರೆ, ಇಲ್ಲಿ ಅಲೆಗಳ ನಡುವೆ ಸಿಕ್ಕಿಕೊಂಡು, ಬದುಕಿರುವ ಬುಡದ ಎಳೆಗಳನ್ನೂ ಸುತ್ತಿ ಸಿಕ್ಕು ಕಟ್ಟುತ್ತವೆ. ತಲೆಗೆ ನೀರು ಹಾಕಿದ ದಿನ ಬಾಚಣಿಗೆಯ ತುಂಬ ಬಂದ ಕೂದಲನ್ನು ಕಂಡು ಗಾಬರಿಯಾಗುವವರು, ಅದರಲ್ಲಿ ಹಿಂದಿನ ಮೂರು ನಾಲ್ಕು ದಿನಗಳ ಪಾಲೂ ಸೇರಿದೆಯೆಂದು ತಿಳಿದರೆ ಸಮಾಧಾನಗೊಂಡಾರು.

ಇನ್ನು ಕೆದರುವಿಕೆಯ ವಿಚಾರ. ಇದರ ಕೀಲು ಇರುವುದು ನೀರಿನಲ್ಲಿ. ಜಿನೀವಾ ನಗರದ ಹೊರಾಸ್ ಬೆನೆಡಿಕ್ಟ್ ದ ಸೊಸ್ಯೂರ್ ಎಂಬ ವಿದ್ವಾಂಸನು, ಆಲ್ಪ್ಸ್ ಪರ್ವತಗಳನ್ನು ಹತ್ತುತ್ತ ಅಲ್ಲಿಯ ಹವೆಯನ್ನು ಅಳೆಯುವ ಸಾಧನಗಳನ್ನು ಹುಡುಕುತ್ತಿದ್ದವನು, ಗಾಳಿಯ ತೇವವನ್ನು ಅಳೆಯಲು ಮನುಷ್ಯನ ಕೂದಲನ್ನೇ ಆರಿಸಿಕೊಂಡು, ಅದರ ಫಲಗಳನ್ನು 1783ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದನು. ಕೂದಲನ್ನು ಸೋಡಾ ಬೆರೆಸಿದ ನೀರಿನಲ್ಲಿ ಕುದಿಸಿ ಜಿಡ್ಡು ತೆಗೆದು, ಒಂದು ತುದಿಯನ್ನು ಬಿಗಿದು ಕಟ್ಟಿ, ಇನ್ನೊಂದನ್ನು ಪುಟ್ಟ ಗಾಲಿಯೊಂದರ ಮೇಲೆ ಸುತ್ತಿ, ಹಗುರವಾದ ತೂಕದಿಂದ ಜಗ್ಗಿಸಿ ನಿಲ್ಲಿಸಿದರೆ, ಗಾಳಿಯಲ್ಲಿ ತೇವ ಏರಿದಂತೆ ಕೂದಲು ಹಿಗ್ಗಿ, ಇಳಿದಂತೆ ಕುಗ್ಗಿ, ಗಾಲಿಗೆ ಸೇರಿಸಿದ ಮುಳ್ಳು ಆಚೀಚೆ ತಿರುಗುವುದು. ತೀರ ಒಣಹವೆಯಿಂದ ತೇವ ತುಂಬಿದ ಹವೆಯವರೆಗೆ ಈ ಹಿಗ್ಗುವಿಕೆ ಕೂದಲಿನ ಉದ್ದದಲ್ಲಿ ಶೇಕಡಾ ಎರಡು ಎರಡೂವರೆಯಷ್ಟು. ಅಲ್ಪವೆಂದು ತೋರುವ ಈ ಅಂತರವು ಎಷ್ಟು ನಂಬಿಕೆಯದೆಂದರೆ, ಸೊಸ್ಯೂರನ ಅನಂತರ ಎರಡು ಶತಮಾನಗಳ ಕಾಲ ಹವಾಮಾನದ ವೀಕ್ಷಣಾಲಯಗಳಲ್ಲಿ ಕೂದಲಿನ ಆರ್ದ್ರತಾಮಾಪಕಗಳು ಕೆಲಸಮಾಡುತ್ತ ಬಂದವು. ಅಡ್ಡಲಾಗಿ ಊದುವುದಾದರೋ ಇನ್ನೂ ಹೆಚ್ಚು: ನೀರಿನಲ್ಲಿ ಪೂರ್ತಿ ನೆನೆದ ಎಳೆಯ ದಪ್ಪ ಶೇಕಡಾ 14ಕ್ಕೂ ಮೀರಿ ಹೆಚ್ಚುವುದು, ತನ್ನ ಒಣತೂಕದ ಶೇಕಡಾ 30ರಷ್ಟು ನೀರನ್ನು ಅದು ಒಡಲಲ್ಲಿ ಹಿಡಿದುಕೊಳ್ಳಬಲ್ಲದು.

ಹೀರಿದ ನೀರು ಒಳಗೆ ಮಾಡುವುದೇನು? ಇಂಗ್ಲೆಂಡಿನ ಲೀಡ್ಸ್ ನಗರದಲ್ಲಿ ಬಟ್ಟೆಯ ನಾರುಗಳನ್ನು ಅಭ್ಯಸಿಸುತ್ತಿದ್ದ ವಿಲಿಯಂ ಆಸ್ಟ್‌ಬರಿ 1930ರ ದಶಕದಲ್ಲಿ ಕೂದಲಿನ ಮತ್ತು ಉಣ್ಣೆಯ ಮೂಲಕ ಕ್ಷ-ಕಿರಣಗಳನ್ನು ಹಾಯಿಸಿ, ತೇವಗೊಂಡ ಎಳೆಯನ್ನು ಎಳೆದಾಗ ಅದರೊಳಗಿನ ಅಣುಗಳ ವಿನ್ಯಾಸವೇ ಬದಲಾಗುವುದೆಂದು ಕಂಡುಹಿಡಿದನು. ಕೆರಾಟಿನ್ನಿನ ಸರಪಣಿಯು ಸುರುಳಿಯಾಕಾರದ್ದೆಂಬುದನ್ನು 1951ರಲ್ಲಿ ಅಮೆರಿಕದ ಲೈನಸ್ ಪಾಲಿಂಗ್ ಮತ್ತು ಅವನ ಸಹೋದ್ಯೋಗಿಗಳು ಸ್ಪಷ್ಟಪಡಿಸಿದರು. ಈ ಸುರುಳಿಗಳನ್ನು ಅಕ್ಕಪಕ್ಕದವುಗಳೊಂದಿಗೆ ಬಿಗಿದಿರುವ ಬಂಧಗಳಲ್ಲಿ ಎರಡು ನಮಗೆ ಮುಖ್ಯ. ಒಂದು, ಗಂಧಕದ ಪರಮಾಣುಗಳ ಜೋಡಿಗಳಿಂದಾದ ಗಟ್ಟಿಯಾದ ಬಂಧ. ನೀರು ಇದನ್ನು ಅಲುಗಿಸಲಾರದು, ಕೂದಲಿನ ಹುಟ್ಟಾಕಾರವನ್ನು ಉಳಿಸಿಕೊಂಡು ಬರುವುದು ಇದೇ. ಇನ್ನೊಂದು ಜಲಜನಕದ ಬಂಧ. ಒಂದೊಂದಾಗಿ ದುರ್ಬಲವಾದರೂ ಎಣಿಕೆಯಲ್ಲಿ ಅಸಂಖ್ಯವಾಗಿರುವ ಇವು ನೀರು ಒಳಹೊಕ್ಕೊಡನೆ ಕಳಚಿಕೊಂಡು, ನೀರು ಆರಿದಾಗ ಆ ಕ್ಷಣಕ್ಕೆ ಎಳೆಯು ಯಾವ ಭಂಗಿಯಲ್ಲಿದೆಯೋ ಅದೇ ಭಂಗಿಯಲ್ಲಿ ಮತ್ತೆ ಕೂಡಿಕೊಳ್ಳುತ್ತವೆ. ಒದ್ದೆಗೂದಲನ್ನು ಹೆಣೆದು ಮಲಗಿ ಬೆಳಗ್ಗೆ ಬಿಚ್ಚಿದರೆ ಜಡೆಯ ಅಲೆಗಳು ಮೂಡಿರುವುದೂ, ಇಸ್ತ್ರಿಯ ಕಾವಿನಲ್ಲಿ ನೆಟ್ಟಗಾದ ಕೂದಲು ಮೋಡ ಕವಿದ ಹಗಲಲ್ಲಿ ಮತ್ತೆ ಮಡಿಯುವುದೂ ಈ ಬಂಧಗಳ ಆಟ.

ಈಗ ಆಷಾಢದ ಮಂಗಳೂರನ್ನು ಊಹಿಸಿಕೊಳ್ಳೋಣ. ಗಾಳಿಯ ಆರ್ದ್ರತೆ ಶೇಕಡಾ 85ನ್ನು ದಾಟಿ ವಾರಗಟ್ಟಲೆ ಇಳಿಯದೆ ನಿಂತಿದೆ. ಹಗ್ಗದ ಮೇಲೆ ಹರವಿದ ಬಟ್ಟೆ ಎರಡು ದಿನವಾದರೂ ಆರಿಲ್ಲ. ಬೆಳಗ್ಗೆ ಒಣಗಿಸಿ, ಬಾಚಿ, ಅಲೆಗಳೆಲ್ಲ ಒಂದರ ಪಕ್ಕದಲ್ಲೊಂದು ಹೊಂದಿಕೊಳ್ಳುವಂತೆ ಕಟ್ಟಿದ ಕೂದಲಿಗೆ ಈ ಗಾಳಿಯ ನೀರು ಕಣ್ಣಿಗೆ ಕಾಣದಂತೆ ಒಳಹೊಗುವುದು. ಜಲಜನಕದ ಬಂಧಗಳು ಕಳಚುವುವು. ಪ್ರತಿಯೊಂದು ಎಳೆಯೂ ಬಾಚಣಿಗೆಯು ಕಲಿಸಿದ ಸಾಮೂಹಿಕ ವಿನ್ಯಾಸವನ್ನು ಬಿಟ್ಟು ತನ್ನ ಹುಟ್ಟಿನ ಬಾಗಿಗೆ ಮರಳಲು ಯತ್ನಿಸುವುದು. ಆದರೆ ಒಂದೇ ತಲೆಯಲ್ಲಿ ಎಲ್ಲ ಎಳೆಗಳ ಬಾಗೂ ಒಂದೇ ಆಗಿರದು. ಹಣೆಯ ಬಳಿಯದು ಒಂದು ಬಗೆ, ಹಿಂದಲೆಯದು ಇನ್ನೊಂದು. ಅಷ್ಟೇ ಅಲ್ಲದೆ, ಒಂದೇ ಎಳೆಯಲ್ಲಿಯೂ ಹೊರಗವಚ ಸವೆದ ಭಾಗವು ಬೇಗನೆ ನೀರು ಹೀರಿ ಉಬ್ಬಿದರೆ, ಗಟ್ಟಿಯಾಗಿ ಉಳಿದ ಭಾಗವು ತಡವಾಗಿ ಹೀರುವುದು. ಹೀಗೆ ನೆರೆಯ ಅಲೆಗಳ ನಡುವೆ ಮೇಳ ತಪ್ಪಿ, ಏರಿನ ಪಕ್ಕದಲ್ಲಿ ತಗ್ಗು ಬಂದು, ಎಳೆಗಳು ಒಂದನ್ನೊಂದು ದೂಡುತ್ತ ಹೊರಕ್ಕೆ ಚಾಚಿಕೊಳ್ಳುವುವು. ನಡುವೆ ಮುರಿದ ಚೋಟುಗೂದಲುಗಳೂ, ಈಗಷ್ಟೇ ಬೆಳೆಯುತ್ತಿರುವ ಮರಿಗೂದಲುಗಳೂ ಯಾವ ಜಡೆಗೂ ಸಿಗದೆ ಎದ್ದುನಿಲ್ಲುವುವು. ಕೆದರುವಿಕೆಯೆಂದು ನಾವು ಕರೆಯುವುದು ಇದನ್ನೇ.

ಇದರಿಂದ ಹೊರಡುವ ಒಂದು ನಿರ್ಣಯವನ್ನು ಒತ್ತಿ ಹೇಳಬೇಕಾಗಿದೆ, ಏಕೆಂದರೆ ಜನರು ಇಲ್ಲಿಯೇ ದಾರಿ ತಪ್ಪುವುದು. ಕೆದರಿದ ಕೂದಲು ಮುಟ್ಟಲು ಒರಟಾಗಿರುವುದರಿಂದ ಅದು ಒಣಗಿದೆಯೆಂದೇ ಎಲ್ಲರೂ ಭಾವಿಸಿ ನೀರು ಚಿಮುಕಿಸುತ್ತಾರೆ. ಬಳ್ಳಾರಿ ಕಲಬುರಗಿಗಳ ಬೇಸಗೆಯಲ್ಲಿ, ಬಾಚಿದೊಡನೆ ವಿದ್ಯುದಂಶವೇರಿ ಎಳೆಗಳು ಒಂದನ್ನೊಂದು ವಿಕರ್ಷಿಸಿ ಹಾರಾಡುವಾಗ ಆ ಮಾತು ನಿಜವಿದ್ದೀತು. ಕರಾವಳಿಯಲ್ಲಿಯೂ ಮಲೆನಾಡಿನ ಮಳೆಗಾಲದಲ್ಲಿಯೂ ಸಂಗತಿಯು ಇದಕ್ಕೆ ವಿಪರೀತ. ಅಲ್ಲಿ ಕೊರತೆಯಾಗಿರುವುದು ನೀರಲ್ಲ, ನೀರನ್ನು ತಡೆಯುವ ಮೇದಸ್ಸು. ಗ್ಲಿಸರಿನ್ ಬೆರೆತ ಲೇಪಗಳು ಗಾಳಿಯ ತೇವವನ್ನು ತಮ್ಮತ್ತ ಸೆಳೆಯುವ ಸ್ವಭಾವದವಾದುದರಿಂದ ಮಳೆಗಾಲದ ಮಂಗಳೂರಿಗೆ ಹೊಂದವು. ಅದೇ ಲೇಪವನ್ನು ಫೆಬ್ರವರಿಯ ಬೆಂಗಳೂರಿನಲ್ಲಿ ಹಚ್ಚಿದಾಗ ಒಳ್ಳೆಯ ಫಲವನ್ನೇ ಕೊಡಬಹುದು.

ತಲೆ ತೊಳೆಯುವ ವಿಷಯದಲ್ಲಿ ನಮ್ಮ ನಾಡಿನ ಹಳೆಯ ಪದ್ಧತಿಯನ್ನು ವಿಜ್ಞಾನದ ಬೆಳಕಿನಲ್ಲಿಟ್ಟು ನೋಡುವುದು ಉಚಿತ. ಸೀಗೆಕಾಯಿಯಲ್ಲಿಯೂ ಅಂಟುವಾಳದಲ್ಲಿಯೂ ಇರುವ ಸಾಪೊನಿನ್‌ಗಳೆಂಬ ದ್ರವ್ಯಗಳು ನೊರೆಗಟ್ಟಿ ಜಿಡ್ಡನ್ನು ಬಿಡಿಸುತ್ತವೆ; ಸೀಗೆಯ ನೀರು ತುಸು ಆಮ್ಲಗುಣದ್ದಾದುದರಿಂದ ಹೊರಗವಚದ ಪೊರೆಗಳನ್ನು ಎಬ್ಬಿಸುವುದಿಲ್ಲ. ಬಟ್ಟೆ ಮತ್ತು ಮೈ ತೊಳೆಯುವ ಸಾಬೂನು ಕ್ಷಾರೀಯವಾದದ್ದು. ಅದು ಕೂದಲನ್ನು ಉಬ್ಬಿಸಿ ಪೊರೆಗಳ ಅಂಚುಗಳನ್ನು ಎತ್ತುವುದಲ್ಲದೆ, ಬಯಲುಸೀಮೆಯ ಕೊಳವೆಬಾವಿಗಳ ಗಡಸು ನೀರಿನಲ್ಲಿರುವ ಸುಣ್ಣದಂಶದೊಡನೆ ಸೇರಿ, ತೊಳೆದರೂ ಹೋಗದ ಬಿಳಿಯ ಅಂಟಾಗಿ ಎಳೆಗಳ ಮೇಲೆ ಕೂಡುವುದು. ಅಂಥ ನೀರಿನವರು ಸಾಬೂನನ್ನು ತಲೆಗೆ ಮುಟ್ಟಿಸದಿರುವುದು ಲೇಸು. ಮುಟ್ಟಿಸಿದ್ದಾದರೆ ಕಡೆಯ ತಂಬಿಗೆಯ ನೀರಿಗೆ ಒಂದಿಷ್ಟು ನಿಂಬೆರಸ ಹಿಂಡಿಕೊಂಡಲ್ಲಿ ಅಂಟು ಬಿಡುವುದು. ಆದರೆ ಹಳೆಯದೆಲ್ಲವೂ ನಿರ್ದೋಷಿಯೆಂದು ಬಗೆಯಲಾಗದು. ತರಿತರಿಯಾಗಿ ಕುಟ್ಟಿದ ಸೀಗೆಪುಡಿಯನ್ನು ನೀಳಗೂದಲಿಗೆ ಹಾಕಿ ತಿಕ್ಕಿದರೆ ಆ ತರಿಯೇ ಪೊರೆಗಳನ್ನು ಉಜ್ಜಿ ಸವೆಸುವುದು. ಅಲೆಗಳ ಒಳಗೆ ಉಳಿದ ಪುಡಿಯನ್ನು ತೆಗೆಯಲು ಮತ್ತೆ ಬಾಚಣಿಗೆಯೇ ಬೇಕು. ಕಾಯಿಯನ್ನು ಕುದಿಸಿ, ಬಟ್ಟೆಯಲ್ಲಿ ಸೋಸಿ, ಆ ನೀರನ್ನಷ್ಟೇ ಬಳಸುವುದು ಮೇಲು. ದಾಸವಾಳದ ಎಲೆಯನ್ನು ಕಿವುಚಿ ತೆಗೆದ ಲೋಳೆಯಾಗಲಿ, ಮಲೆನಾಡಿನವರು ಬಳಸುವ ಮತ್ತಿಸೊಪ್ಪಿನ ಲೋಳೆಯಾಗಲಿ ಎಳೆಗಳ ನಡುವಿನ ತಿಕ್ಕಾಟವನ್ನು ತಗ್ಗಿಸುವುದರಿಂದ ಅಲೆಗೂದಲಿಗೆ ಇವು ಸೀಗೆಗಿಂತಲೂ ಹಿತಕರವೆಂದು ನನ್ನ ಅಭಿಪ್ರಾಯ. ಶಾಂಪೂವನ್ನೇ ಬಳಸುವವರು ಅದನ್ನು ನೆತ್ತಿಗೆ ಮಾತ್ರ ಹಚ್ಚಿ, ಇಳಿದುಬರುವ ನೊರೆಯಿಂದಲೇ ಉಳಿದ ಉದ್ದವೂ ತೊಳೆದುಬರುವಂತೆ ಮಾಡಬೇಕು. ಕೂದಲನ್ನೆಲ್ಲ ನೆತ್ತಿಯ ಮೇಲೆ ಮುದ್ದೆಗಟ್ಟಿ ಎರಡೂ ಅಂಗೈಗಳಿಂದ ತಿಕ್ಕುವ ಅಭ್ಯಾಸವು, ಉಣ್ಣೆಯನ್ನು ಗಂಟುಗಟ್ಟಿಸುವ ಕ್ರಿಯೆಯಿಂದ ಯಾವ ವಿಧದಲ್ಲಿಯೂ ಬೇರೆಯಲ್ಲ.

ಎಣ್ಣೆಯ ವಿಚಾರದಲ್ಲಿ ನಮ್ಮ ಹಿರಿಯರ ಆಚಾರಕ್ಕೆ ಪ್ರಯೋಗಶಾಲೆಯ ಸಮರ್ಥನೆ ದೊರಕಿದೆ. ಮುಂಬಯಿಯ ಸಂಶೋಧಕರಾದ ಆರತಿ ರೇಲೆ ಮತ್ತು ಆರ್. ಬಿ. ಮೊಹಿಲೆಯವರು ಕೊಬ್ಬರಿ ಎಣ್ಣೆ, ಸೂರ್ಯಕಾಂತಿ ಎಣ್ಣೆ, ಖನಿಜ ತೈಲ ಈ ಮೂರನ್ನೂ ಕೂದಲಿಗೆ ಹಚ್ಚಿ, ತೊಳೆದು, ಬಾಚಿ, ಕೂದಲಿನಿಂದ ನಷ್ಟವಾಗುವ ಪ್ರೋಟೀನಿನ ಪ್ರಮಾಣವನ್ನು ಅಳೆದು 2003ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಸ್ನಾನಕ್ಕೆ ಮೊದಲು ಹಚ್ಚಿದರೂ ಅನಂತರ ಹಚ್ಚಿದರೂ ಈ ನಷ್ಟವನ್ನು ಗಣನೀಯವಾಗಿ ತಗ್ಗಿಸಿದ್ದು ಕೊಬ್ಬರಿ ಎಣ್ಣೆಯೊಂದೇ ಎಂದು ತೋರಿಸಿದರು. ಅದರ ಮುಖ್ಯಾಂಶವಾದ ಲಾರಿಕ್ ಆಮ್ಲದ ಕೊಬ್ಬು ಚಿಕ್ಕದಾದ, ನೇರವಾದ ಸರಪಣಿಯುಳ್ಳದ್ದಾದುದರಿಂದ ಪೊರೆಗಳ ಸಂದಿನಿಂದ ಕೂದಲಿನ ಒಳಕ್ಕೇ ಇಳಿಯಬಲ್ಲದು. ಮಿಕ್ಕೆರಡು ಮೇಲ್ಮೈಯಲ್ಲಿಯೇ ನಿಲ್ಲುವುವು. ಒಳಗಿಳಿದ ಎಣ್ಣೆಯು ನೀರಿನ ಪ್ರವೇಶವನ್ನು ಮಿತಗೊಳಿಸುವುದು. ಪ್ರತಿ ಸ್ನಾನದಲ್ಲಿಯೂ ಉಬ್ಬಿ, ಮತ್ತೆ ಕುಗ್ಗಿ, ಹೀಗೆ ನೂರಾರು ಸಲ ಉಬ್ಬಿ ಕುಗ್ಗಿದ್ದರಿಂದಲೇ ಪೊರೆಗಳು ಸಡಿಲವಾಗುವುದರಿಂದ, ಸ್ನಾನದ ಮುನ್ನಿನ ಎಣ್ಣೆಗೆ ಇಷ್ಟೊಂದು ಬೆಲೆ. ಯುಗಾದಿಯಂದೂ ನರಕಚತುರ್ದಶಿಯಂದೂ ಮಕ್ಕಳನ್ನು ಮಣೆಯ ಮೇಲೆ ಕೂರಿಸಿ ತಲೆಗೆ ಎಣ್ಣೆಯೊತ್ತಿ ಹಂಡೆಯ ನೀರೆರೆಯುತ್ತಿದ್ದ ಕ್ರಮವನ್ನು, ನೀಳಗೂದಲಿನವರು ಹಬ್ಬಕ್ಕೆ ಮೀಸಲಿಡದೆ ವಾರಕ್ಕೊಮ್ಮೆ, ಸ್ನಾನಕ್ಕೆ ಕೆಲವು ಗಂಟೆಗಳ ಮುಂಚೆ, ಬುಡಕ್ಕಿಂತ ಹೆಚ್ಚಾಗಿ ಕೆಳಗಿನ ಅರ್ಧಕ್ಕೆ, ಪಾಲಿಸಬೇಕೆಂದು ನಾನು ಮನಸಾರೆ ಹೇಳುವೆನು. ತಲೆಹೊಟ್ಟು ಇರುವವರು ನೆತ್ತಿಯನ್ನು ಬಿಟ್ಟು ತುದಿಗಷ್ಟೇ ಹಚ್ಚಲಿ.

ಹರಳೆಣ್ಣೆಯ ಬಗ್ಗೆ ಮಾತ್ರ ಎಚ್ಚರಿಕೆ ಬೇಕು. ಅದು ಅತ್ಯಂತ ಮಂದವಾದದ್ದು; ಅದನ್ನು ಬಳಸಿ ತಲೆ ತೊಳೆದ ನೀಳಗೂದಲಿನ ತರುಣಿಯೊಬ್ಬಳ ಕೇಶರಾಶಿಯು ಒಂದೇ ಸ್ನಾನದಲ್ಲಿ ಕಲ್ಲಿನಂತೆ ಗಂಟುಗಟ್ಟಿ, ಕತ್ತರಿಸದೆ ಗತ್ಯಂತರವಿಲ್ಲದೆ ಹೋದ ಪ್ರಸಂಗವನ್ನು ಭಾರತದ ವೈದ್ಯರು 2017ರಲ್ಲಿ ವರದಿಮಾಡಿದ್ದಾರೆ. ಇದು ಅಪರೂಪವೇ ಸರಿ. ಆದರೂ ಅಲೆಗೂದಲಿಗೆ ಅಪ್ಪಟ ಹರಳೆಣ್ಣೆಯನ್ನು ಮೆತ್ತುವುದು ಬೇಡ.

ತೊಳೆದ ಮೇಲೆ ಹಚ್ಚುವ ಕಂಡಿಷನರ್ ಎಂಬ ಲೇಪವನ್ನು ಆಡಂಬರವೆಂದು ತಳ್ಳಿಹಾಕುವವರಿದ್ದಾರೆ, ಅದು ಸರಿಯಲ್ಲ. ಕೂದಲಿನ ಮೇಲ್ಮೈಯಲ್ಲಿ, ಅದರಲ್ಲಿಯೂ ಸವೆದ ಭಾಗಗಳಲ್ಲಿ, ಋಣವಿದ್ಯುತ್ತಿನ ಅಂಶಗಳು ಹೆಚ್ಚು. ಈ ಲೇಪಗಳ ಮುಖ್ಯ ದ್ರವ್ಯದ ಅಣುವಿಗೆ ಒಂದು ಕಡೆ ಧನವಿದ್ಯುತ್ತಿನ ತಲೆಯೂ ಇನ್ನೊಂದು ಕಡೆ ಮೇದಸ್ಸಿನ ಬಾಲವೂ ಇರುವುದರಿಂದ, ತಲೆಯು ಸವೆದ ಜಾಗವನ್ನೇ ಹುಡುಕಿ ಕಚ್ಚಿಕೊಂಡು, ಬಾಲವು ಹೊರಮುಖವಾಗಿ ನಿಂತು, ಕಳೆದುಹೋದ ಹುಟ್ಟುಲೇಪದ ಕೆಲಸವನ್ನು ಮುಂದಿನ ಸ್ನಾನದವರೆಗೆ ಮಾಡಿಕೊಡುವುದು. ರಿಪೇರಿಯಲ್ಲ, ತಾತ್ಕಾಲಿಕವಾದ ಹೊದಿಕೆ. ಆದರೆ ತುದಿಗೂದಲಿಗೆ ಬೇಕಾದುದು ಹೊದಿಕೆಯೇ.

ಈ ಲೇಪವು ಇನ್ನೂ ಕೂದಲಿನಲ್ಲಿರುವಾಗಲೇ ಸಿಕ್ಕು ಬಿಡಿಸತಕ್ಕದ್ದು. ಒದ್ದೆಗೂದಲು ಒಣಗಿದ್ದಕ್ಕಿಂತ ದುರ್ಬಲವೆಂಬುದೂ, ಎಳೆದರೆ ಹೆಚ್ಚು ಹಿಗ್ಗಿ ಬೇಗ ಕೆಡುವುದೆಂಬುದೂ ನಿಜ. ಆದಕಾರಣ ನೆಟ್ಟಗೂದಲಿನವರು ತುಸು ಆರಿದ ಮೇಲೆ ಬಾಚುವುದು ಸರಿ. ಅಲೆಗೂದಲಿನಲ್ಲಿ ಲೆಕ್ಕ ತಿರುಗುಮುರುಗಾಗುವುದು: ಒಣಗಿದ ಮೇಲೆ ಬಾಚಿದರೆ ತಿಕ್ಕಾಟವು ಒದ್ದೆಯ ದೌರ್ಬಲ್ಯಕ್ಕಿಂತ ಹೆಚ್ಚಿನ ಹಾನಿ ಮಾಡಿ, ಅಲೆಗಳ ಗೊಂಚಲನ್ನೂ ಒಡೆದು ಕೆದರಿಬಿಡುವುದು. ಅಮೆರಿಕದ ಚರ್ಮವೈದ್ಯರ ಅಕಾಡೆಮಿಯೂ ಗುಂಗುರುಗೂದಲಿನವರಿಗೆ ತೇವವಿರುವಾಗಲೇ, ಅಗಲ ಹಲ್ಲಿನ ಬಾಚಣಿಗೆಯಿಂದ ಬಾಚಲು ಹೇಳುವುದು. ಬಾಚುವ ಕೈಯ ಕ್ರಮವೂ ಮುಖ್ಯ. ಬಲ್ಲ ಹೆಂಗಸು ಸಿಕ್ಕು ಬಿಡಿಸುವುದನ್ನು ಗಮನಿಸಿ ನೋಡಿದರೆ, ಅವಳು ಒಂದು ಹಿಡಿ ಕೂದಲನ್ನು ಮಾತ್ರ ಬೇರೆಮಾಡಿಕೊಂಡು, ಗಂಟಿನ ಸ್ವಲ್ಪ ಮೇಲೆ ಎಡಗೈಯ ಮುಷ್ಟಿಯಲ್ಲಿ ಬಿಗಿಹಿಡಿದು, ಎಳೆತವು ಬುಡಕ್ಕೆ ಮುಟ್ಟದಂತೆ ಮಾಡಿ, ತುದಿಯ ನಾಲ್ಕು ಬೆರಳಗಲವನ್ನು ಮೊದಲು ಬಿಡಿಸುವಳು. ಬಾಚಣಿಗೆಯು ಅಲ್ಲಿ ತಡೆಯಿಲ್ಲದೆ ಹಾಯ್ದ ಮೇಲೆಯೇ ಮುಷ್ಟಿಯನ್ನು ಇನ್ನಷ್ಟು ಮೇಲಕ್ಕೆ ಸರಿಸುವಳು. ಬಿಗಿಯಾದ ಗಂಟು ಸಿಕ್ಕಿದರೆ ಬಾಚಣಿಗೆಯನ್ನು ಕೆಳಗಿಟ್ಟು ಬೆರಳಿನಿಂದ ಎಳೆಯೆಳೆಯಾಗಿ ಬಿಡಿಸುವಳು. ಬೈತಲೆಯಿಂದ ತುದಿಯವರೆಗೆ ಒಂದೇ ಎಳೆತಕ್ಕೆ ಎಳೆಯುವವರು ದಾರಿಯಲ್ಲಿ ಸಿಕ್ಕ ಸಣ್ಣ ಗಂಟುಗಳನ್ನೆಲ್ಲ ಕೆಳಕ್ಕೆ ತಳ್ಳಿ ತುದಿಯಲ್ಲಿ ಒಂದು ದೊಡ್ಡ ಗಂಟಾಗಿಸಿ, ಅತ್ಯಂತ ಹಳೆಯದಾದ, ಅತ್ಯಂತ ಸವೆದ ಭಾಗಕ್ಕೇ ಆ ಭಾರವನ್ನೆಲ್ಲ ಹೊರಿಸುವರು.

ಒರೆಸುವಾಗ ದಪ್ಪನೆಯ ಟರ್ಕಿ ಟವೆಲ್ಲಿನಿಂದ ತಿಕ್ಕುವುದರ ಬದಲು ಹಳೆಯ ಮೆತ್ತನೆಯ ಪಂಚೆಯಲ್ಲಿ ಕೂದಲನ್ನು ಸುತ್ತಿ, ಕೆಳಗಿನಿಂದ ಮೆಲ್ಲಗೆ ಹಿಸುಕಿ ನೀರು ತೆಗೆದು, ಆಮೇಲೆ ಕೈ ಸೋಂಕಿಸದೆ ಆರಲು ಬಿಡುವುದು ಒಳ್ಳೆಯದು. ಜಲಜನಕದ ಬಂಧಗಳು ಕೂಡುವ ಹೊತ್ತು ಅದು, ಆಗ ಕೆದಕಿದಷ್ಟೂ ಅಲೆಗಳು ಒಡೆಯುವುವು. ಅರ್ಧ ಆರಿದಾಗ ಎರಡು ಮೂರು ತೊಟ್ಟು ಎಣ್ಣೆಯನ್ನು ಅಂಗೈಗಳಿಗೆ ಸವರಿಕೊಂಡು ಮೇಲಿನಿಂದ ಕೆಳಕ್ಕೆ ನೀವಿದರೆ ಗಾಳಿಯ ತೇವಕ್ಕೆ ತಡೆಯಾಗುವುದು. ರಾತ್ರಿ ಮಲಗುವಾಗ ಸಡಿಲವಾದ ಒಂದು ಹೆರಳು ಹಾಕಿಕೊಳ್ಳಬೇಕು. ಹಾಸಿಗೆಯ ಮೇಲೆ ಬಿಚ್ಚಿ ಹರವಿದ ಕೂದಲು ರಾತ್ರಿಯಿಡೀ ದಿಂಬಿನೊಡನೆ ತಿಕ್ಕುತ್ತಿರುವುದು.

ಕಾವಿನ ಸಾಧನಗಳನ್ನು ಕುರಿತು ಹೆಚ್ಚು ಹೇಳಬೇಕಾಗಿಲ್ಲ. ಒದ್ದೆಗೂದಲಿಗೆ ಸುಡುವ ಇಸ್ತ್ರಿಯನ್ನು ಮುಟ್ಟಿಸಿದರೆ ಒಳಗಿನ ನೀರು ಹಬೆಯಾಗಿ ಎಳೆಯೊಳಗೇ ಗುಳ್ಳೆಗಳೆದ್ದು ಅದು ಮುರಿಯುವುದು. ರಾಸಾಯನಿಕಗಳಿಂದ ಗಂಧಕದ ಬಂಧಗಳನ್ನು ಒಡೆದು ಕೂದಲನ್ನು ಬಹುಕಾಲ ನೆಟ್ಟಗಾಗಿಸುವ ಚಿಕಿತ್ಸೆಗಳು ಅಲೆಯೊಂದಿಗೆ ಕೂದಲಿನ ಬಲವನ್ನೂ ಕಳೆಯುವುವು. ಕೂದಲನ್ನು ನೆಟ್ಟಗಾಗಿಸುವ ಬೇರೆ ಕೆಲವು ಚಿಕಿತ್ಸೆಗಳಿಗೆ ಫಾರ್ಮಾಲ್ಡಿಹೈಡನ್ನು, ಅಥವಾ ಕಾಯಿಸಿದಾಗ ಅದನ್ನು ಹೊರಬಿಡುವ ದ್ರವ್ಯಗಳನ್ನು ಬಳಸುವುದುಂಟು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಫಾರ್ಮಾಲ್ಡಿಹೈಡನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಯಲ್ಲಿ ಸೇರಿಸಿದೆ. ಕಣ್ಣುರಿಯೂ ಗಂಟಲುರಿಯೂ ಬರಿಸುವ ಹೊಗೆಯೇಳುವ ಅಂಗಡಿಯಿಂದ ಎದ್ದು ಬರುವುದೇ ಸರಿ. ಅಲ್ಲಿ ದಿನವೆಲ್ಲ ನಿಂತು ಕೆಲಸಮಾಡುವ ಹುಡುಗಿಯರ ಗತಿಯನ್ನು ನೆನೆದರೆ ಎದೆ ಭಾರವಾಗುತ್ತದೆ.

ಕಡೆಯದಾಗಿ ಭಾರದ ಮಾತು. ನೀರಿನ ಸುಳಿಗಳನ್ನು ಚಿತ್ರಿಸುತ್ತ ಲಿಯೊನಾರ್ಡೊ ದ ವಿಂಚಿಯು ಕೂದಲಿನಲ್ಲಿಯೂ ನೀರಿನಂತೆಯೇ ಎರಡು ಗತಿಗಳಿವೆ, ಒಂದು ಭಾರದ್ದು, ಇನ್ನೊಂದು ಸುರುಳಿಯದು ಎಂದು ಗುರುತು ಹಾಕಿಕೊಂಡಿದ್ದನು. ಇದಕ್ಕೆ ಗಣಿತದ ರೂಪ ಬಂದುದು ತೀರ ಈಚೆಗೆ. ಕಟ್ಟಿದ ಜುಟ್ಟಿನ ಆಕಾರವನ್ನು ಲೆಕ್ಕಹಾಕುವ ಸಮೀಕರಣವನ್ನು ರೇಮಂಡ್ ಗೋಲ್ಡ್‌ಸ್ಟೀನ್, ರಾಬಿನ್ ಬಾಲ್, ಪ್ಯಾಟ್ರಿಕ್ ವಾರನ್ ಎಂಬವರು 2012ರಲ್ಲಿ ಪ್ರಕಟಿಸಿ, ನೀಳಗೂದಲಿನ ಕಥಾನಾಯಕಿಯ ಹೆಸರಿನಿಂದ ರಪುಂಜೆಲ್ ಸಂಖ್ಯೆಯೆಂಬುದನ್ನು ಬಳಕೆಗೆ ತಂದರು: ಕೂದಲಿನ ಉದ್ದವು, ಅದು ತನ್ನ ಭಾರಕ್ಕೆ ತಾನೇ ಬಾಗಲು ಬೇಕಾದ ಸುಮಾರು 5 ಸೆಂಟಿಮೀಟರಿನ ಎಷ್ಟು ಮಡಿ ಎಂಬುದೇ ಆ ಸಂಖ್ಯೆ. ಎರಡು ವರ್ಷಗಳ ಅನಂತರ ಅಮೆರಿಕ ಮತ್ತು ಫ್ರಾನ್ಸಿನ ಸಂಶೋಧಕರು ತೂಗಿಬಿಟ್ಟ ಒಂದೇ ಸುರುಳಿಗೂದಲಿನ ಭಂಗಿಗಳನ್ನು ಲೆಕ್ಕಹಾಕಿದರು. ಬುಡದ ಬಳಿ, ಕೆಳಗಿರುವ ಉದ್ದವೆಲ್ಲ ಜಗ್ಗುವುದರಿಂದ, ಎಳೆ ನೆಟ್ಟಗಾಗುವುದು. ಕೆಳಕ್ಕೆ ಹೋದಂತೆ ಜಗ್ಗುವ ಭಾರ ಕಡಮೆಯಾಗಿ ಸುರುಳಿ ತನ್ನ ರೂಪವನ್ನು ಪಡೆಯುವುದು. ನೆತ್ತಿಯ ಬಳಿ ನೆಟ್ಟಗೂದಲಿನಂತೆ ತೋರುವ ಅನೇಕರ ಜಡೆಯು ಬೆನ್ನಿನ ಅರ್ಧಕ್ಕಿಳಿದ ಮೇಲೆ ಅಲೆಗಟ್ಟುವುದಕ್ಕೆ ಕಾರಣ ಇದೇ.

ಸೀಳಿದ ತುದಿಯನ್ನು ಯಾವ ಲೇಪವೂ ಬೆಸೆಯಲಾರದು. ಬಿಟ್ಟರೆ ಸೀಳು ಮೇಲೇರುತ್ತ ಹೋಗುವುದು, ಆದಕಾರಣ ಎರಡು ಮೂರು ತಿಂಗಳಿಗೊಮ್ಮೆ ಅರ್ಧ ಅಂಗುಲದಷ್ಟನ್ನು ಕತ್ತರಿಸಬೇಕು. ಆದರೆ ಅಲೆಗೂದಲನ್ನು ಒದ್ದೆಯಲ್ಲಿ ಅಳೆದು ಕತ್ತರಿಸಬಾರದು, ನೀರಿನ ಭಾರಕ್ಕೆ ನೆಟ್ಟಗೆ ನಿಂತ ಎಳೆಯ ಉದ್ದವು ನಂಬತಕ್ಕದ್ದಲ್ಲ. ಒಣಗಿಸಿ, ಅಲೆಗಳು ತಮ್ಮ ಸ್ಥಾನಕ್ಕೆ ಬಂದ ಮೇಲೆ ಅಳೆದು, ಬೇಕೆನಿಸಿದ್ದಕ್ಕಿಂತ ಒಂದು ಅಂಗುಲ ಕೆಳಗೆ ಕತ್ತರಿ ಇಡಬೇಕು. ಹಗುರವಾದ ಕೂದಲು ಉಳಿದ ಅಂಗುಲವನ್ನು ಸುರುಳಿಯಾಗಿ ತಾನೇ ಮೇಲಕ್ಕೆ ಎಳೆದುಕೊಳ್ಳುವುದು.